ಹಿಡಿಯುವವರಿಲ್ಲದ ಊರಿನಲ್ಲಿ

ನಮ್ಮೂರು ಮೊರಬದಲ್ಲಿ ಹೊಡೆದಾಡುವುದಕ್ಕೂ ಒಂದು ಪದ್ಧತಿ ಇದೆ. ಇಬ್ಬರು ಕೊರಳಪಟ್ಟಿ ಹಿಡಿದರೆ ಸಾಕು, ಓಣಿಯ ಮಂದಿ ಉಣ್ಣುವ ತಾಟು ಬಿಟ್ಟು ಓಡಿಬರುತ್ತಾರೆ. ಒಬ್ಬ ನಡು ಹಿಡಿಯುತ್ತಾನೆ, ಇನ್ನೊಬ್ಬ ರಟ್ಟೆ ಹಿಡಿಯುತ್ತಾನೆ, ವಯಸ್ಸಾದವರು ಯಾರಾದರೂ ನಡುವೆ ನಿಂತು ಇಬ್ಬರಿಗೂ ಸಮನಾಗಿ ಬೈಯುತ್ತಾರೆ. ಬಿಡಿಸಲು ಬಾರದವನನ್ನು ಊರು ಮನುಷ್ಯನೆಂದು ಎಣಿಸುವುದಿಲ್ಲ. ಹಿಡಿಸಿಕೊಂಡವನ ಕೆಲಸವೂ ಗೊತ್ತಿದ್ದದ್ದೇ. ಕೊಸರಾಡಬೇಕು, ಅಂಗಿ ಹರಿದುಕೊಳ್ಳಬೇಕು, “ಬಿಡ್ರಿ ನನ್ನ, ಇವತ್ತ ಇವನ್ನ ಮುಗಿಸೇ ಬಿಡ್ತೀನಿ” ಎಂದು ಕೂಗಬೇಕು. ಅವರು ಎಷ್ಟು ಗಟ್ಟಿ ಹಿಡಿಯುತ್ತಾರೋ ನಾವು ಅಷ್ಟು ಜೋರಾಗಿ ಜಗ್ಗುತ್ತೇವೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಊರಲ್ಲಿ ಇರಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಜನ ಅಂದರೆ ನನಗೆ ಹೆಮ್ಮೆಯೇ ಆಗುತ್ತಿತ್ತು.

ಒಮ್ಮೆ ಮಾತ್ರ ಬಿಡಿಸುವವರು ತಡಮಾಡಿದರು. ಹೊಲದ ಬದುವಿನ ಮೇಲೆ ಕಾಕಾನ ಮಗನಿಗೂ ನನಗೂ ಹತ್ತಿಕೊಂಡಿತು. ಸುತ್ತ ಕಡಲೆ ಹೊಲ, ಮಂದಿ ದೂರ. ಅವರು ಬಂದು ಮುಟ್ಟುವಷ್ಟರಲ್ಲಿ ಅವನ ಮುಂದಿನ ಹಲ್ಲು ಎರೆಮಣ್ಣಿನಲ್ಲಿ ಬಿದ್ದಿದ್ದವು. ತಡವಾಗಿ ಬಂದರಲ್ಲ ಎಂದು ನಾನು ಅವರಿಗೇ ಬೈದೆ, ನೋಡಿ ನನ್ನ ನಾಲಿಗೆ!

ಅಂದು ಸಂಜೆ ಹೆಂಡತಿ ನನ್ನ ಮುಂದೆ ತಾಟು ಇಟ್ಟು ಹೇಳಿದಳು: “ಇನ್ನೊಮ್ಮೆ ಯಾರ ಮ್ಯಾಲರ ಕೈ ಎತ್ತಿದ್ರ ನಾ ಕುಬಿಹಾಳಕ್ಕ ಹೋಗ್ತೀನ್ರಿ. ಕರ್ಯಾಕ ಬರಬ್ಯಾಡ್ರಿ.” ಕುಬಿಹಾಳ ಅವಳ ತವರು. ಅವಳು ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ನಾವಿಬ್ಬರೇ. ಅವಳಿಲ್ಲದ ಮನೆಯನ್ನು ನೆನೆಸಿಕೊಂಡು ತಾಟು ಸರಿಸಿ ಎದ್ದೆ.

ವರ್ಷದ ಮೇಲಾಯಿತು, ಕೈ ಎತ್ತಲಿಲ್ಲ. ಅವಳಿಗೆ ಬೆಂಗಳೂರು ನೋಡುವ ಆಸೆ ಬಹಳ ದಿನದ್ದು. ಲಾಡ್ಜಿಗೆ ದುಡ್ಡು ಸುರಿಯುವ ತಾಕತ್ತು ನಮಗಿರಲಿಲ್ಲ. ಹತ್ತಿ ಬಿಡಿಸುವ ಹೆಣ್ಣಾಳುಗಳನ್ನು ಹೊಲಕ್ಕೆ ಬಿಡುವ ಹಳೆಯ ವ್ಯಾನು ಒಂದಿತ್ತು. ಅದರ ಹಿಂದಿನ ಸೀಟು ಕಿತ್ತು, ಬಡಿಗನಿಂದ ಹಲಗೆ ಬಡಿಸಿ, ಮೇಲೆ ಗಾದಿ ಹಾಕಿದೆವು. ಸಣ್ಣ ಗ್ಯಾಸ್ ಒಲೆ, ಎರಡು ಕ್ಯಾನು ನೀರು, ಒಂದು ಗಂಟು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಅದೇ ಮನೆ, ಅದೇ ಗಾಡಿ. ಇಂಥದ್ದರಲ್ಲಿ ದೇಶ ತಿರುಗುವವರನ್ನು ಅವಳು ಮೊಬೈಲಿನಲ್ಲಿ ನೋಡಿದ್ದಳು. ಹೊರಡುವ ಮುಂಜಾನೆ ಹೊಸ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತಾಗ ಮದುವೆಯ ವರ್ಷದ ಹಾಗೆ ಕಂಡಳು.

ಬೆಂಗಳೂರಿನಲ್ಲಿ ಮೊದಲ ದಿನ ನಾನು ಬೈಗುಳ ತಿಂದದ್ದೇ ಬಂತು. ತಿರುವಿನಲ್ಲಿ ನಿಧಾನ ಮಾಡಿದೆನೆಂದು ಬೈಕಿನವನೊಬ್ಬ ಕನ್ನಡಿಗೆ ಒದ್ದು ಹೋದ. ಕನ್ನಡಿ ಚೂರುಚೂರಾಯಿತು. ಸ್ಟೇರಿಂಗ್ ಮುರಿಯುವ ಹಾಗೆ ಹಿಡಿದು ಕುಳಿತೆ. ಹೆಂಡತಿ ಮೆಲ್ಲಗೆ ನನ್ನ ರಟ್ಟೆಯ ಮೇಲೆ ಕೈ ಇಟ್ಟಳು.

ಮುಂದಿನ ಸಿಗ್ನಲ್ಲಿನಲ್ಲಿ ಇಬ್ಬರು ಒಬ್ಬ ಆಟೋದವನನ್ನು ಹೊರಗೆಳೆದು ಹೊಡೆಯುತ್ತಿದ್ದರು. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದ, ಅವರು ಪಕ್ಕೆಗೆ ಒದೆಯುತ್ತಿದ್ದರು. ಸುತ್ತ ನೂರು ಗಾಡಿ, ಒಬ್ಬನೂ ಇಳಿಯಲಿಲ್ಲ. ನಾನು ಬಿಡಿಸಲು ಇಳಿಯಬೇಕು ಎನ್ನುವಷ್ಟರಲ್ಲಿ ಹಸಿರು ದೀಪ ಬಿತ್ತು, ಹಿಂದಿನವರೆಲ್ಲ ಹಾರ್ನು ಒತ್ತಿ ಮುಂದಕ್ಕೆ ನೂಕಿದರು.

“ಯಾರೂ ಬಿಡಸಾಕ ಹೋಗಲೇ ಇಲ್ಲಲ್ರಿ,” ಅಂದಳು ಅವಳು. “ಅಂವಾ ಸತ್ರ?”

ಆಮೇಲೆ ನನ್ನ ಕೈಗಳನ್ನೇ ನೋಡುತ್ತ ಕುಳಿತಳು. ಲಾಲ್‌ಬಾಗ್, ವಿಧಾನಸೌಧ, ಮೆಟ್ರೋ ಎಲ್ಲ ನೋಡಿದೆವು. ಮೆಟ್ರೋದಲ್ಲಿ ಒಮ್ಮೆ ನಕ್ಕಳು, ಅಷ್ಟೇ.

ಆ ರಾತ್ರಿ ಒಂದು ಪಾರ್ಕಿನ ಬಾಜು, ದೊಡ್ಡ ಅಪಾರ್ಟ್‌ಮೆಂಟಿನ ಗೋಡೆಗೆ ಗಾಡಿ ಹಚ್ಚಿ ಮಲಗಿದೆವು. ಬೆಳಿಗ್ಗೆ ಎದ್ದು ಅವಳು ಫುಟ್‌ಪಾತಿನ ಮೇಲೆ ಒಲೆ ಇಟ್ಟು ಚಹಾಕ್ಕೆ ಇಟ್ಟಳು. ನಮ್ಮ ಕಡೆ ಯಾರ ಮನೆಯ ಮುಂದೆ ಗಾಡಿ ನಿಲ್ಲಿಸಿ ಒಲೆ ಹಚ್ಚಿದರೂ ಆ ಮನೆಯವರು ಹಾಲು ತಂದುಕೊಡುತ್ತಾರೆ. ಇಲ್ಲಿ ಬಂದವನು ಕಾವಲಿನವನು. ಐವತ್ತು ದಾಟಿದ ಬಡಕಲು ಆಳು, ಕೊರಳಲ್ಲಿ ಸೀಟಿ.

“ಇಲ್ಲೆಲ್ಲಾ ಒಲೆ ಹಚ್ಚಂಗಿಲ್ಲಮ್ಮ, ತೆಗೀರಿ. ಯಾರಾದ್ರೂ ನೋಡಿದ್ರೆ ನನಗೆ ಬೈತಾರೆ.”

“ಎರಡ ನಿಮಿಷರಿ ಕಾಕಾ, ಕುದ್ದ ಬಿಡ್ತೈತಿ,” ಅಂದಳು ಅವಳು.

ಅವನು ಲಾಠಿಯಿಂದ ಒಲೆಯನ್ನು ಬದಿಗೆ ಸರಿಸಿದ. ಚಹಾದ ಪಾತೇಲಿ ಹೊರಳಿತು. ಕುದಿಯುವ ಚಹಾ ಅವಳ ಪಾದದ ಮೇಲೆ ಚೆಲ್ಲಿತು. ಅವಳು ಚೀರಿದಳು.

ಬೇಕೆಂದು ಚೆಲ್ಲಿದ್ದಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಅವನ ಲಾಠಿ ಕಸಿದು ಭುಜಕ್ಕೆ ಹೊಡೆದೆ. ಲಾಠಿ ಬಿಸಾಕಿ ಮೋರೆಗೆ ಗುದ್ದಿದೆ. ಅವನು ಗೋಡೆಗೆ ಬಡಿದು ಕೆಳಗೆ ಕುಸಿದ. ಅವನ ಎದೆಯ ಮೇಲೆ ಮೊಣಕಾಲೂರಿ ಮತ್ತೆ ಗುದ್ದಿದೆ. ತುಟಿ ಸೀಳಿತು, ಮೂಗಿನಿಂದ ರಕ್ತ ಹರಿದು ಸೀಟಿಯ ದಾರ ಒದ್ದೆಯಾಯಿತು. ಅವನು ತಿರುಗಿ ಹೊಡೆಯಲಿಲ್ಲ. ಮಕ್ಕಳ ಹಾಗೆ ಅಂಗೈ ಅಡ್ಡ ಹಿಡಿದ. ಅದರ ಮೇಲೂ ಹೊಡೆದೆ. ಗುದ್ದುತ್ತಲೇ ನನ್ನ ನಡು ಕಾಯುತ್ತಿತ್ತು, ಈಗ ಯಾರಾದರೂ ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ ಎಂದು.

“ಬಿಡ್ರಿ ನನ್ನ!” ಎಂದು ಕೂಗಿದೆ. “ಬಿಡ್ರಿ, ಇವನ್ನ ಇವತ್ತ ಮುಗಿಸೇ ಬಿಡ್ತೀನಿ!”

ಯಾರೂ ನನ್ನನ್ನು ಹಿಡಿದಿರಲಿಲ್ಲ. ಪಾರ್ಕಿಗೆ ಓಡಲು ಬಂದವರು ಹತ್ತು ಮಾರು ದೂರ ನಿಂತು ಮೊಬೈಲ್ ಎತ್ತಿದ್ದರು. ಕೂಗಿದ ಮೇಲೂ ನಾನು ಹೊಡೆದೆ. ಬುದ್ಧಿ ಬಂದು ನಿಂತೆ ಎಂದು ಹೇಳಬಹುದು, ಆದರೆ ಸುಳ್ಳಾಗುತ್ತದೆ. ಒಂದು ಗುದ್ದು ತಪ್ಪಿ ಕಲ್ಲಿಗೆ ಬಿದ್ದು ಬೆರಳು ಮುರಿಯಿತು, ಅದಕ್ಕೆ ನಿಂತೆ.

ತಿರುಗಿ ನೋಡಿದರೆ ಹೆಂಡತಿ ಗಾಡಿಯ ಬಾಗಿಲಿಗೆ ಆತು ನಿಂತಿದ್ದಳು. ಪಾದ ಕೆಂಪಗೆ ಬೊಬ್ಬೆ ಎದ್ದಿತ್ತು. ಅಳುತ್ತಿರಲಿಲ್ಲ. ಕುಂಟುತ್ತ ನನ್ನನ್ನು ದಾಟಿ ಹೋಗಿ, ಅವನ ತಲೆ ಎತ್ತಿ, ನಮ್ಮ ಕ್ಯಾನಿನ ನೀರಿನಿಂದ ಬಾಯಿ ತೊಳೆದಳು. ಅವನು ಒಂದು ಹಲ್ಲು ಉಗುಳಿದ.

ಪೊಲೀಸರು ಬಂದರು, ಇಬ್ಬರನ್ನೂ ಠಾಣೆಗೆ ಒಯ್ದರು. ನನಗೂ ನಾಲ್ಕು ಬಿದ್ದವು, ಬೀಳಬೇಕಾದದ್ದೇ. ಕಾವಲಿನವನು ಬಾಯಿಗೆ ಟವೆಲ್ ಒತ್ತಿಕೊಂಡು ಕೈ ಮುಗಿದ: “ಕಂಪ್ಲೇಂಟ್ ಬೇಡ ಸಾರ್. ಗಲಾಟೆ ಅಂದ್ರೆ ನನ್ನೇ ಕೆಲಸದಿಂದ ತೆಗೀತಾರೆ.” ಅವನು ನನ್ನನ್ನು ಕ್ಷಮಿಸಲಿಲ್ಲ, ಹೆದರಿದ. ಇವೆರಡನ್ನು ಒಂದೇ ಎಂದು ತಿಳಿಯುವಷ್ಟು ದಡ್ಡ ನಾನಲ್ಲ.

ಮಧ್ಯಾಹ್ನ ಬಿಟ್ಟರು. ಮುರಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಗಾಡಿ ಹೊಡೆದೆ. ಚಿತ್ರದುರ್ಗ ಬಂತು, ದಾವಣಗೆರೆ ಬಂತು. ಶಿಗ್ಗಾಂವಿ ದಾಟಿದ ಮೇಲೆ ಒಂದೇ ಮಾತು ಅಂದಳು: “ಕುಬಿಹಾಳಕ್ಕ ಹೊಡೀರಿ.”

ಅವಳ ತವರಿನ ಬಾಗಿಲಿಗೆ ನಾನೇ ಗಾಡಿ ತಂದು ನಿಲ್ಲಿಸಿದೆ. ಅವಳು ಬಟ್ಟೆಯ ಚೀಲ ಎತ್ತಿಕೊಂಡು ಇಳಿಯುವಾಗ ತಡೆಯಲಾಗಲಿಲ್ಲ, ಕೇಳಿದೆ.

“ಅಲ್ಲೇ ನಿಂತಿದ್ದೆಲ್ಲ. ನೀನರ ಯಾಕ ಹಿಡೀಲಿಲ್ಲ ನನ್ನ?”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುತ್ತದೆ.

“ಯಾರೂ ಹಿಡೀಲಿಲ್ಲಂದ್ರ ನೀವ ನಿಲ್ತೀರೇನು ಅಂತ ನೋಡಿದ್ನಿರಿ,” ಅಂದಳು. “ನಿಲ್ಲಲಿಲ್ಲ. ಮನ್ಯಾಗ ನಾವು ಇಬ್ರ ಇರ್ತೀವಿ. ನನ್ನ ಬಡಿಯೂ ದಿನ ನಿಮ್ಮನ್ನ ಹಿಡಿಯಾವ್ರು ಯಾರು?”

ನಾನು ಅವಳ ಮೇಲೆ ಎಂದೂ ಕೈ ಮಾಡಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಬಾಗಿಲಿಗೆ ಬಂದ ಅವಳ ತಮ್ಮ ನಗುತ್ತ, “ಬರ್ರಿ ಮಾಮಾ, ಬೆಂಗಳೂರ ಹೆಂಗಿತ್ರಿ?” ಎಂದು ಕೂಗಿದ. ಅವಳು ಅವನನ್ನು ದಾಟಿ ಒಳಗೆ ಹೋದಳು. ನಾನು ಸೀಟಿನಿಂದ ಇಳಿಯಲಿಲ್ಲ.

ಎರಡು ದೀಪಾವಳಿ ಕಳೆದವು. ಅವಳ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ, ಕರೆಯಲು ಹೋಗಿಲ್ಲ.