ಕೆಂಪು ಬಟ್ಟೆಯಿಂದ ಒರೆಸಿದ ಮೇಜು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಎಲ್ಲರಿಗೂ ಅವಳು ಕನ್ನಡಿಯಕ್ಕ. ಅವಳು ಒರೆಸಿದ ನೆಲ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು ಎಂದು ವಾರ್ಡ್‌ಬಾಯ್ ತಮಾಷೆಗೆ ಇಟ್ಟ ಹೆಸರು ಅದು. ಹಾಗೆ ಕರೆದರೆ ಮೇಲುಮೇಲೆ ಗದರುತ್ತಿದ್ದಳು, ಒಳಗೊಳಗೇ ಬೀಗುತ್ತಿದ್ದಳು.

ಆದರೆ ಈಚೆಗೆ ಆ ಹೆಸರಿಗೆ ತಕ್ಕಂತೆ ಕೆಲಸ ಮಾಡಲು ಪುರುಸೊತ್ತೇ ಇರಲಿಲ್ಲ. ಗುತ್ತಿಗೆದಾರ ಬದಲಾದ ಮೇಲೆ ಅರ್ಧ ಜನ ಬಿಟ್ಟುಹೋಗಿದ್ದರು. ಹೊಸದಾಗಿ ಬಂದವರು ವಾರವೂ ನಿಲ್ಲುತ್ತಿರಲಿಲ್ಲ. ಇಡೀ ಮಹಡಿ ಅವಳ ಮತ್ತು ಸೊಂಟನೋವಿನ ಇನ್ನೊಬ್ಬಳ ತಲೆಯ ಮೇಲೆ ಬಿದ್ದಿತ್ತು. ಒಬ್ಬ ರೋಗಿ ಮನೆಗೆ ಹೊರಟು, ಒರೆಸಿದ ಮಂಚ ಆರುವ ಮೊದಲೇ ಇನ್ನೊಬ್ಬರ ಗಾಲಿಕುರ್ಚಿ ಬಾಗಿಲಿಗೆ ಬಂದಿರುತ್ತಿತ್ತು.

ಆ ಬೆಳಗ್ಗೆ ಒಗೆಯುವ ಕೋಣೆಯಿಂದ ನೀಲಿ ಬಟ್ಟೆಗಳು ಬಂದೇ ಇರಲಿಲ್ಲ. ಮಂಚ, ಮೇಜಿಗೆ ನೀಲಿ, ಶೌಚಾಲಯಕ್ಕೆ ಕೆಂಪು. ಹೊಸಬರಿಗೆ ಅವಳೇ ಕಿವಿ ಹಿಂಡಿ ಕಲಿಸುತ್ತಿದ್ದ ಪಾಠ ಅದು.

"ಎಷ್ಟೊತ್ತು ಅಕ್ಕಾ? ಮಂಡಿ ಆಪರೇಷನ್ ಪೇಷಂಟ್ ಕಾಯ್ತಿದಾರೆ," ನರ್ಸ್ ಬಾಗಿಲಿಂದಲೇ ಕೂಗಿದಳು.

"ನೀಲಿ ಬಟ್ಟೆ ಬಂದಿಲ್ಲ ಸಿಸ್ಟರ್."

"ಏನಾದ್ರೂ ಮಾಡಿ ಮುಗಿಸಿ. ಅಲ್ಲಿ ನನ್ನ ಪ್ರಾಣ ತಿಂತಿದಾರೆ."

ಅವಳ ಕೈಯಲ್ಲಿದ್ದದ್ದು ಆಗಷ್ಟೇ ಕಮೋಡ್ ಒರೆಸಿದ ಕೆಂಪು ಬಟ್ಟೆ. ನಲ್ಲಿಯ ಕೆಳಗೆ ಹಿಡಿದಳು, ಹಿಂಡಿದಳು. ಬಾಗಿಲಿಗೆ ಬೆನ್ನು ಮಾಡಿ, ಬಣ್ಣ ಕಾಣದಂತೆ ಬಟ್ಟೆಯನ್ನು ಅಂಗೈಯಲ್ಲಿ ಮುದುರಿಕೊಂಡು ಮೇಜು ಒರೆಸಿದಳು. ಮೇಜು ಫಳಫಳ ಹೊಳೆಯಿತು.

ರೋಗಿಯನ್ನು ಮಂಚದ ಮೇಲೆ ಮಲಗಿಸಿದರು. ಹಿಂದೆಯೇ ಬಂದ ಅವರ ಹೆಂಡತಿ, ವಯಸ್ಸಾದವರು, ಸುತ್ತ ಕಣ್ಣಾಡಿಸಿದರು.

"ಎಷ್ಟು ಚೊಕ್ಕಟವಾಗಿ ಇಟ್ಟಿದೀಯಮ್ಮಾ! ನನ್ನ ಸೊಸೆ ನಿನ್ನನ್ನ ನೋಡಿ ಕಲೀಬೇಕು," ಎಂದು ನಕ್ಕರು. "ಆಪರೇಷನ್ ಆಗೋವರೆಗೂ ಇವರಿಗೆ ಏನೂ ಕೊಡಬಾರದಂತೆ. ನಾನೂ ಬೆಳಗ್ಗೆಯಿಂದ ಬರೀ ಹೊಟ್ಟೇಲಿದೀನಿ." ಚೀಲದಿಂದ ಸೇಬು, ಚಾಕು ತೆಗೆದು ಆ ಮೇಜಿನ ಮೇಲೆಯೇ ಹೋಳು ಮಾಡತೊಡಗಿದರು.

ಕನ್ನಡಿಯಕ್ಕನ ಕಣ್ಣು ಆ ಚಾಕುವಿನ ಮೇಲೆಯೇ ಇತ್ತು. ಆಕೆ ಒಂದು ಹೋಳು ತಿಂದರು. ಇನ್ನೊಂದು ತಿಂದರು. ಇವಳು ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತ ನಿಂತಳು.

"ತಗೋಮ್ಮ, ನೀನೂ ಒಂದು ಹೋಳು ತಿನ್ನು."

"ಬೇಡ ಅಮ್ಮಾ."

"ಸಂಕೋಚ ಯಾಕೆ? ನಮ್ಮವರಿಗೋಸ್ಕರ ಇಷ್ಟು ಮಾಡಿದೀಯ."

ಚಾಚಿದ ಆ ಹೋಳನ್ನು ತಾನು ಸತ್ತರೂ ತಿನ್ನಲಾರೆ ಎಂಬುದು ಅವಳಿಗೆ ಗೊತ್ತಾಯಿತು.

"ಅಮ್ಮಾ, ಅದನ್ನ ತಿನ್ನಬೇಡಿ. ಆ ಮೇಜನ್ನ... ಬಾತ್‌ರೂಮಿನ ಬಟ್ಟೇಲಿ ಒರೆಸಿಬಿಟ್ಟೆ."

ಆಕೆಯ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೋಳುಗಳನ್ನೆಲ್ಲ ಬಾಚಿ ಕಸದ ಬುಟ್ಟಿಗೆ ಹಾಕಿ, ಕೈ ತೊಳೆಯಲು ಬಾತ್‌ರೂಮಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಲ್ಲಿಯ ಸದ್ದೊಂದೇ ಕೇಳುತ್ತಿತ್ತು. ಮಂಚದ ಮೇಲಿದ್ದವರು ಗೋಡೆಯ ಕಡೆ ತಿರುಗಿಕೊಂಡರು.

ಕನ್ನಡಿಯಕ್ಕ ತಾನೇ ಹೋಗಿ ಸೂಪರ್‌ವೈಸರ್‌ಗೆ ಹೇಳಿದಳು. ಅವನು ಹಾರಾಡಿದ. "ಬೇಗ ಮುಗಿಸಿ ಅಂತ ನಾನೇ ಅವಸರ ಮಾಡಿದ್ದು," ಎಂದು ನರ್ಸ್ ಮಧ್ಯೆ ಬಂದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದೇ ಅವಳನ್ನು ನೆಲಮಾಳಿಗೆಯಲ್ಲಿ ಕಸದ ಗಾಡಿ ತಳ್ಳುವ ಕೆಲಸಕ್ಕೆ ಹಾಕಿದರು. ಆ ರೋಗಿಯನ್ನು ಬೇರೆ ಕೋಣೆಗೆ ಕಳಿಸಿ, ಒಗೆಯುವ ಕೋಣೆಯಿಂದ ನೀಲಿ ಬಟ್ಟೆ ತರಿಸಿ ಮೇಜು, ಮಂಚ ಎಲ್ಲವನ್ನೂ ಮತ್ತೆ ಒರೆಸಿದರು.

ಅವರ ಆಪರೇಷನ್ ಸುಸೂತ್ರವಾಗಿ ಆಯಿತು. ಹಣ್ಣು ತಿಂದ ಆಕೆಗೂ ಏನೂ ಆಗಲಿಲ್ಲ ಎಂದು ನರ್ಸ್ ಬಂದು ತಿಳಿಸಿದಳು.

"ಒಪ್ಪಿಕೊಂಡೆಯಲ್ಲ, ಅಷ್ಟು ಧೈರ್ಯ ಯಾರಿಗಿದೆ ಹೇಳು," ಎಂದು ಮನೆಯಲ್ಲಿ ಗಂಡ ಸಮಾಧಾನ ಮಾಡಿದ.

"ಒಪ್ಪಿಕೊಂಡೆ," ಎಂದಳು ಅವಳು, ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ. "ಅವರು ಎರಡು ಹೋಳು ತಿಂದಾದ ಮೇಲೆ."