ಜರಾ ಸರೀರಿ

ಗೋಗಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಹುಡುಗಿ ಎಂಥ ತುಂಬಿದ ಆಟೋವನ್ನೂ ಬಿಡುತ್ತಿರಲಿಲ್ಲ. ‘ಜರಾ ಸರೀರಿ’ ಎಂದು ಚೀಲ ತೊಡೆಯ ಮೇಲಿಟ್ಟು ತುದಿಯಲ್ಲಿ ಕೂತೇಬಿಡುವಳು. ಎಂಎಸ್ಸಿ ಸೀಟಿಗೆ ಮಾತ್ರ ಅವಳ ಹೆಸರು ವೇಟಿಂಗ್ ಲಿಸ್ಟಿನಲ್ಲಿ ನಿಂತಿತು.

‘ಸೀಟು ಸಿಕ್ಕವರು ಯಾರಾರ ಬರಲಿಲ್ಲಂದ್ರ ಮೊದಲ ನನ್ನ ಕರೀತಾರ, ಆಯಿ,’ ಎಂದು ಈ ಮುದುಕಿಗೆ ಹೇಳಿದಳು.

ಯಾರಾದರೂ ಬರದಿರಲಿ ಎಂದು ನಾನು ದೇವರಿಗೆ ಕಾಯಿಯ ಹರಕೆ ಹೊತ್ತು, ಸೀಟು ಹಂಚುವ ಕೊನೆಯ ದಿನ ಅವಳ ಜೊತೆಗೇ ಯೂನಿವರ್ಸಿಟಿಗೆ ಹೋದೆ.

ಗುಮಾಸ್ತ ಸೀಟು ಸಿಕ್ಕವರ ಹೆಸರು ಕೂಗುತ್ತಿದ್ದ. ಒಬ್ಬ ಹುಡುಗಿಯ ಹೆಸರಿಗೆ ಯಾರೂ ಓ ಅನ್ನಲಿಲ್ಲ. ನನಗೆ ಖುಷಿಯಾಯಿತು. ಅಷ್ಟರಲ್ಲಿ ನಮ್ಮ ಹುಡುಗಿ ಕಿಟಕಿಯಿಂದ ಹೊರಗೆ ಹಣಿಕಿ ಹಾಕಿ, ‘ತಡೀರಿ ಸರ, ಆಕಿ ಓಡಿ ಬರಾಕತ್ತಾಳ!’ ಎಂದು ಚೀರಿದಳು.

‘ಖೋಡಿ, ಬಾಯಿ ಮುಚ್ಚಿದ್ರ ಸೀಟು ನಿಂದ ಆಗತಿತ್ತಲ್ಲ!’ ಎಂದು ಬೈದೆ.

‘ಆಟೋದಾಗ ಸರೀರಿ ಅಂತೀನಿ. ಯಾರಿಗರ ಇಳೀರಿ ಅಂದೀನೇನ, ಆಯಿ?’ ಎಂದು ನಕ್ಕಳು.

ಕೊನೆಯ ಹೆಸರಿನ ಹುಡುಗನಿಗೆ ಬೇರೆ ಕಡೆ ಸೀಟು ಸಿಕ್ಕಿತ್ತಂತೆ, ಅವನು ಬರಲೇ ಇಲ್ಲ. ಗುಮಾಸ್ತ ಇವಳ ಹೆಸರು ಕೂಗಿದ. ಬಾಗಿಲ ತುಂಬ ಮಂದಿ ನಿಂತಿದ್ದರು. ಚೀಲ ಎದೆಗೆ ಅವಚಿಕೊಂಡು ಎದ್ದಳು.

‘ಜರಾ ಸರೀರಿ.’