ಜಿಂಕೆಯ ಎಡಗಿವಿ

ಎರಡೂ ಕಿವಿ ಕಾಣಬೇಕು ಎಂಬ ಒಂದೇ ಒಂದು ನಿಯಮಕ್ಕಾಗಿ ಈ ಮೂವತ್ತು ವರ್ಷಗಳಲ್ಲಿ ಎಷ್ಟು ಜನರ ಗಲ್ಲ ಹಿಡಿದು ತಿರುಗಿಸಿದ್ದೇನೋ ನನಗೇ ನೆನಪಿಲ್ಲ. ಹಳೇಬೀಡಿನಲ್ಲಿ ನನ್ನದೊಂದು ಪುಟ್ಟ ಫೋಟೋ ಸ್ಟುಡಿಯೋ ಇದೆ. ಪ್ರವಾಸಿಗರೆಲ್ಲ ತಮ್ಮ ಫೋನನ್ನು ತಾವೇ ಹಿಡಿದು ನಗಲು ಕಲಿತ ಮೇಲೆ ನನ್ನ ಪಾಲಿಗೆ ಉಳಿದದ್ದು ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ಮಾತ್ರ. ಅದರಲ್ಲಿ ಸೌಂದರ್ಯಕ್ಕೆ ಮನ್ನಣೆಯಿಲ್ಲ, ಕಿವಿಗೆ ಉಂಟು. ಒಂದು ಕಿವಿ ಕೂದಲಲ್ಲಿ ಮರೆಯಾದರೂ ಅರ್ಜಿ ವಾಪಸ್ಸಾಗುತ್ತದೆ. ಅದರ ಬೆನ್ನಿಗೇ ಅರ್ಜಿದಾರರು ಬಂದು ನನ್ನ ಜನ್ಮ ಜಾಲಾಡುತ್ತಾರೆ. ಹೀಗಾಗಿ ಮದುವೆಮನೆಯಲ್ಲಿ ಊಟಕ್ಕೆ ಕೂತರೂ ನನ್ನ ದೃಷ್ಟಿ ಮೊದಲು ಎದುರು ಪಂಕ್ತಿಯವರ ಕಿವಿಗೇ ಹೋಗುತ್ತದೆ. ನನ್ನ ಶ್ರೀಮತಿ ಇದಕ್ಕೆ ಬೇರೆಯೇ ಅರ್ಥ ಕಲ್ಪಿಸಿ ಮುನಿಸಿಕೊಂಡದ್ದೂ ಉಂಟು.

ಇಂಥ ನನ್ನ ಬಳಿಗೆ ಕಳೆದ ಚಳಿಗಾಲದಲ್ಲಿ ಹುಲಿಕೆರೆಯ ಕೆಂಪಮ್ಮ ಬಂದರು. ಅವರಿಗೆ ಒಂದು ಹಸು, ಐದು ಮೇಕೆ. ಪಕ್ಕದ ಹೊಲದ ರಂಗಪ್ಪನಿಗೆ ಅರ್ಧ ಎಕರೆ ಅವರೆ. ಆ ಅವರೆಯ ಚಿಗುರನ್ನು ಯಾವುದೋ ಪ್ರಾಣಿ ಬೆಳಬೆಳಗ್ಗೆ ಮೇಯ್ದು ಹೋಗುತ್ತಿತ್ತು. ಹೊಲದಲ್ಲಿ ಬಿದ್ದ ಹಿಕ್ಕೆ ನೋಡಿ ರಂಗಪ್ಪ ಇದು ಮೇಕೆಗಳದೇ ಎಂದು ತೀರ್ಮಾನಿಸಿ, ಹಾಲಿನ ಡೈರಿಯ ಮುಂದೆ ಊರವರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾಗ, ಕೆಂಪಮ್ಮನನ್ನು ಕದ್ದು ಮೇಯಿಸುವವಳು ಎಂದುಬಿಟ್ಟಿದ್ದ. ಅಂದಿನಿಂದ ಅವರು ಡೈರಿಯ ಕಡೆ ಹೆಜ್ಜೆ ಹಾಕದೆ, ಹಾಲನ್ನು ನೆರೆಮನೆಯವರ ಕೈಲಿ ಕಳಿಸುತ್ತಿದ್ದರಂತೆ.

“ಗುಡ್ಡದಿಂದ ಜಿಂಕೆ ಇಳಿಯೋದ್ನ ನಾನೇ ನೋಡೀನಿ ಕಣಪ್ಪ. ನನ್ ಮಾತು ಯಾರು ಕೇಳ್ತಾರೆ? ನೀನೊಂದು ಪಟ ಹಿಡ್ಕೊಡು, ತಲೆ ಎತ್ಕೊಂಡು ಡೈರಿಗೆ ಹೋಯ್ತೀನಿ,” ಎಂದರು.

ರಂಗಪ್ಪನೂ ಒಪ್ಪಿದ. “ಹತ್ತಿ ಕೂತ್ಕಳಿ ಸಾರ್, ಮೇಕೆ ಪಟಾನೇ ಬತ್ತೈತೆ,” ಎಂದು ತನ್ನ ಹೊಲದ ಅಟ್ಟಣೆ ತೋರಿಸಿದ. ಅವನೇ ಕಾದ ದಿನಗಳಲ್ಲಿ ಅವನ ಬೀಡಿಗೋ ಕೆಮ್ಮಿಗೋ ಹೆದರಿ ಯಾವ ಪ್ರಾಣಿಯೂ ಸುಳಿದಿರಲಿಲ್ಲ. ನಾಲ್ಕು ಕಂಬದ ಮೇಲೆ ಹಲಗೆ ಹಾಸಿದ ಆ ಅಟ್ಟಣೆಯನ್ನು, ಸ್ಥೂಲಕಾಯನಾದ ನಾನು ಮೂರನೆಯ ಪ್ರಯತ್ನಕ್ಕೆ ಏರಿ, ಬಾಣ ಹೂಡಿದ ಬಿಲ್ಲುಗಾರನ ಗಾಂಭೀರ್ಯದಲ್ಲಿ ಕ್ಯಾಮೆರಾ ಹಿಡಿದು ಕೂತೆ.

ಬೆಳಕು ಹರಿಯುವ ಹೊತ್ತಿಗೆ ಜಿಂಕೆ ಬಂತು. ನಂಬಿ, ಇಪ್ಪತ್ತೇ ಹೆಜ್ಜೆ ದೂರ! ಮೈತುಂಬ ಚುಕ್ಕೆ, ಬಾಯಿತುಂಬ ರಂಗಪ್ಪನ ಅವರೆ. ಬೆರಳು ಗುಂಡಿಯ ಮೇಲಿತ್ತು. ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಜಿಂಕೆಯ ಎಡಗಿವಿ ಒಂದು ತೊಗರಿ ಗಿಡದ ಹಿಂದೆ ಮರೆಯಾಗಿತ್ತು. ಸ್ವಲ್ಪ ತಿರುಗಲಿ ಎಂದು ಕಾದೆ. ತಿರುಗಿತು, ಈಗ ಬಲಗಿವಿ ಮಾಯ. ಮತ್ತೆ ಕಾದೆ. ಕೊನೆಗೆ ಮೂವತ್ತು ವರ್ಷದ ಅಭ್ಯಾಸ ನನ್ನನ್ನು ಮೀರಿ ಬಾಯಿಗೆ ಬಂತು: “ಸ್ವಲ್ಪ ಗಲ್ಲ ಎತ್ತಿ...” ಜಿಂಕೆ ವಿಧೇಯವಾಗಿ ಗಲ್ಲ ಎತ್ತಿತು, ಎರಡೂ ಕಿವಿ ನಿಮಿರಿಸಿ ನನ್ನನ್ನೇ ನೋಡಿತು, ನಾನು ಗುಂಡಿ ಒತ್ತುವಷ್ಟರಲ್ಲಿ ಒಂದೇ ನೆಗೆತಕ್ಕೆ ಬೇಲಿಯಾಚೆ ಹೋಯಿತು. ಫೋಟೋದಲ್ಲಿ ಸೊಗಸಾದ ಒಂದು ತೊಗರಿ ಗಿಡವಿದೆ.

ಏನೂ ಬರಲಿಲ್ಲ ಎಂದುಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಹಾಗೆನ್ನಲು ಮನಸ್ಸೂ ಆಯಿತು, ಸುಳ್ಳೇಕೆ? ಆದರೆ ಕೆಂಪಮ್ಮನ ಮುಖ ನೆನಪಾಯಿತು. ರಂಗಪ್ಪ ಬಂದಾಗ ನಡೆದದ್ದನ್ನೆಲ್ಲ ಬಿಡದೆ ಹೇಳಿದೆ. ಅವನು ನಕ್ಕು ನಕ್ಕು ಬದುವಿನ ಮೇಲೆ ಕುಸಿದು ಕೂತ. “ಜಿಂಕೆಗೆ ಗಲ್ಲ ಎತ್ತಿ ಅಂದ್ರಾ! ಸುಳ್ಳು ಹೇಳೋರು ಇಂಥದ್ದು ಹೇಳಾಕಿಲ್ಲ ಸಾರ್. ಬಂದಿದ್ದು ಜಿಂಕೆನೇ ಬಿಡಿ!” ನಗೆಪಾಟಲಾಗಲು ಒಪ್ಪಿದವನ ಮಾತನ್ನು ಜನ ಇಷ್ಟು ಬೇಗ ನಂಬುತ್ತಾರೆಂದು ನನಗೆ ತಿಳಿದಿರಲಿಲ್ಲ.

ಇಬ್ಬರೂ ನೇರವಾಗಿ ಕೆಂಪಮ್ಮನ ಮನೆಗೆ ಹೋದೆವು. ರಂಗಪ್ಪ ಬಾಗಿಲಲ್ಲೇ ನಿಂತು ತಪ್ಪೊಪ್ಪಿಕೊಂಡ.

“ಇಲ್ಯಾಕಪ್ಪ ಹೇಳ್ತೀಯ?” ಎಂದರು ಕೆಂಪಮ್ಮ. “ಎಲ್ಲಿ ಬೈದ್ಯೋ ಅಲ್ಲೇ ಹೇಳು.”

ಮರುದಿನ ಬೆಳಿಗ್ಗೆ ಡೈರಿಯ ಮುಂದೆ, ಮೇಯ್ದದ್ದು ಜಿಂಕೆ ಎಂದು ರಂಗಪ್ಪ ಮಾತು ತೆಗೆದ ಕೂಡಲೇ ಸಾಲಿನಿಂದ ಒಬ್ಬ, “ಸಾಕ್ಷಿ ಏನೈತ್ಲಾ?” ಎಂದು ಕೂಗಿದ. ಜೊತೆಗೆ ಕರೆತಂದಿದ್ದ ನನ್ನನ್ನು ರಂಗಪ್ಪ ಮುಂದಕ್ಕೆ ತಳ್ಳಿದ. ಇಡೀ ಹುಲಿಕೆರೆಯ ಎದುರು ನನ್ನ ಪರಾಕ್ರಮವನ್ನು ಆಮೂಲಾಗ್ರ ವರ್ಣಿಸಿದೆ. ಒಬ್ಬನ ಕ್ಯಾನಿನಿಂದ ಹಾಲೇ ತುಳುಕಿತು.

ನಗು ಅಡಗಿದ ಮೇಲೆ ರಂಗಪ್ಪ, “ತಪ್ಪಾಯ್ತು ಕಣಕ್ಕಾ,” ಎಂದ. ಕೆಂಪಮ್ಮ ತಮ್ಮ ಕ್ಯಾನು ಎತ್ತಿಕೊಂಡು ಬಂದು ಸಾಲಿನಲ್ಲಿ ಅವನ ಮುಂದೆಯೇ ನಿಂತರು. ರಂಗಪ್ಪ ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದ.